ಊರ ಕೊರಳಿನ ದಾರ

"ಗುರುಗಳೇ, ನನ್ನೊಳಗೆ ಏನು ಕಡಿಮೆಯಾಗಿದೆ ಎಂಬುದನ್ನು ನಾನು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಮಠದ ಅಂಗಳದಲ್ಲಿ ಆಗ ಅವರಿಬ್ಬರೇ ಇದ್ದರು. ಗುರುಗಳು ಕಣಗಿಲೆ ಗಿಡದ ಬುಡದ ಮಣ್ಣು ಸಡಿಲಿಸುತ್ತಿದ್ದರು. ತಲೆಯೆತ್ತದೆಯೇ, "ಇಷ್ಟು ದಿನ ಹೇಗೆ ತಿಳಿಯುತ್ತಿದ್ದೆ?" ಎಂದರು.

"ಪ್ರತಿ ಸಂಜೆ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುತ್ತೇನೆ. ಮಠದಲ್ಲಿರುವ ಉಳಿದವರ ಜೊತೆ ಹೋಲಿಸಿ ನೋಡುತ್ತೇನೆ. ಅವರಷ್ಟು ಜಪ ನನ್ನದೂ ಆಗಿರುತ್ತದೆ, ಅವರಷ್ಟು ತಾಳ್ಮೆ ನನಗೂ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕೊರತೆಯಿದ್ದರೆ ನನಗೇ ಕಾಣಬೇಕಲ್ಲವೇ? ಏನೂ ಕಾಣುವುದಿಲ್ಲ. ಆದರೂ ಯಾಕೋ ಭಯವಾಗುತ್ತದೆ."

"ಅಂಗೈಗೆ ಕನ್ನಡಿ ಬೇಡ," ಎಂದರು ಗುರುಗಳು. "ಕೊರಳಿಗೆ ಬೇಕು. ಕೂತುಕೋ." ಕೈಗೆ ಹತ್ತಿದ ಮಣ್ಣು ಕೊಡವಿ ಅವರು ಈ ಕತೆ ಹೇಳಿದರು.

ಬೆಟ್ಟದ ನೆತ್ತಿಯಲ್ಲಿ ಒಂದು ಊರಿತ್ತು. ಆ ಊರಿನ ಮೂಲದವರು ಯಾವುದೋ ಕಾಲದಲ್ಲಿ ಸಮುದ್ರದ ಕಡೆಯಿಂದ ಹತ್ತಿ ಬಂದವರು. ಯಾಕೆ ಬಂದರು ಎಂಬುದು ಈಗ ಯಾರಿಗೂ ನೆನಪಿರಲಿಲ್ಲ. ಅಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬ ಮಗ. ಹಾಲುಹಲ್ಲು ಬೀಳುವ ವಯಸ್ಸಾದರೂ ಆ ಮಗನಿಗೆ ಮಾತು ಬಂದಿರಲಿಲ್ಲ. ಕೂರಿಸಿದಲ್ಲಿ ಕೂರುತ್ತಿದ್ದ, ಕರೆದರೆ ತಿರುಗುತ್ತಿರಲಿಲ್ಲ. ಈಗ ರೈತನ ಹೆಂಡತಿ ಮತ್ತೆ ಬಸುರಿ. ಹುಟ್ಟುವ ಮಗುವಾದರೂ ತನ್ನನ್ನು ಅಪ್ಪಾ ಎನ್ನಲಿ ಎಂಬುದೊಂದೇ ಅವನ ಆಸೆ. ಆ ಆಸೆಯನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಊರವರು ನಗುತ್ತಿದ್ದರು. ಅಲ್ಲಿ ಮನೆಗೊಂದು ಅಂಥ ಮಗುವಿತ್ತು. ಅದನ್ನು ಅವರು ಒಳ್ಳೆಯ ಸ್ವಭಾವ ಎನ್ನುತ್ತಿದ್ದರು.

ಆ ಊರಿನಲ್ಲಿ ಗದ್ದಲವೆಂಬುದೇ ಇರಲಿಲ್ಲ. ಬೇಸಗೆಯ ಮಧ್ಯಾಹ್ನದಲ್ಲೂ ಜನ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿರುತ್ತಿದ್ದರು. ಒಬ್ಬ ಕೇಳಿದ ಮಾತಿಗೆ ಇನ್ನೊಬ್ಬ ಉತ್ತರ ಕೊಡುವಷ್ಟರಲ್ಲಿ ಕಂಬದ ನೆರಳು ಸರಿದಿರುತ್ತಿತ್ತು. ಆಡು ಈದರೆ ಎಷ್ಟೋ ಮರಿಗಳ ಮೈಮೇಲೆ ಕೂದಲೇ ಇರುತ್ತಿರಲಿಲ್ಲ, ಅವು ಅರಚುತ್ತಲೂ ಇರಲಿಲ್ಲ. ಹೆಂಗಸರು ಅವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಹಿತ್ತಲಲ್ಲಿ ಹೂತು ಕೈ ತೊಳೆದುಕೊಳ್ಳುತ್ತಿದ್ದರು. ದೊಡ್ಡವರೆಲ್ಲರ ಕೊರಳಲ್ಲೂ ಮುಷ್ಟಿಗಾತ್ರದ ಒಂದು ಗಂಟಿತ್ತು. ಎಂಜಲು ನುಂಗಿದಾಗ ಅದು ಮೇಲೆ ಸರಿದು ಕೆಳಗಿಳಿಯುತ್ತಿತ್ತು. ಊರಿಗೆ ಊರೇ ಒಂದು ರೋಗಕ್ಕೆ ಬಿದ್ದರೆ ಅದನ್ನು ರೋಗ ಎನ್ನುವವರು ಯಾರು? ಕೊರಳು ತುಂಬಿಕೊಂಡಿದೆ ಎಂದು ಅವರು ಹೆಮ್ಮೆಪಡುತ್ತಿದ್ದರು.

ಹಾಗೆಂದು ಅವರು ಮೈಯ ವಿಷಯದಲ್ಲಿ ಉದಾಸೀನರಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪುತ್ತಿರಲಿಲ್ಲ. ಗುಡಿಯಲ್ಲಿ ಅರಿಶಿನ ಹಚ್ಚಿದ ಒಂದು ದಾರವಿತ್ತು. ಊರ ಹಿರಿಯ ಅದನ್ನು ಒಬ್ಬೊಬ್ಬರ ಕೊರಳಿಗೂ ಸುತ್ತಿ ಹಿಡಿಯುತ್ತಿದ್ದ. ಎರಡು ತುದಿಗಳು ಕೂಡಿದರೆ ಮೈಯಲ್ಲಿ ಎಲ್ಲ ಸರಿಯಾಗಿದೆ. ದಾರ ಜೋತು ಬಿದ್ದರೆ ಆ ಮನುಷ್ಯ ಬಡವಾಗುತ್ತಿದ್ದಾನೆ ಎಂದು ಅರ್ಥ. ದಾರ ಹಳತಾಗಿ ಹರಿದರೆ ಹೊಸದನ್ನು ಹೊಸೆಯುತ್ತಿದ್ದರು. ಹೊಸ ದಾರಕ್ಕೆ ಅಳತೆ ಆಗಿನ ಹಿರಿಯನ ಕೊರಳು. ರೈತನಿಗೂ ಅವನ ಹೆಂಡತಿಗೂ ಪ್ರತಿ ವರ್ಷ ತುದಿಗಳು ಕೂಡುತ್ತಿದ್ದವು.

ಒಂದು ದಿನ ರೈತ ರಾಗಿ ತುಂಬಿಡಲು ಹೊಸ ಹಗೇವು ತೋಡುತ್ತಿದ್ದ. ಎದೆಯಾಳಕ್ಕೆ ಇಳಿದಾಗ ಗುದ್ದಲಿಗೆ ಏನೋ ತಾಗಿತು. ತೆಗೆದು ನೋಡಿದರೆ ಕೊರಳಿಗೆ ಹಾಕುವ ಬೆಳ್ಳಿಯ ಬಳೆ. ಹಿಂದೆ ಕೊಂಡಿಯಿತ್ತು, ಮುಂದೆ ಎರಡು ಮೀನುಗಳ ಚಿತ್ರ ಕೊರೆದಿತ್ತು. ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ ಹೆಂಡತಿಯ ಕೊರಳಿಗೆ ಹಾಕಹೋದ. ಕೊಂಡಿ ಕೂಡಲಿಲ್ಲ. ನೆರೆಮನೆಯ ಮದುವೆಯಾಗದ ಹುಡುಗಿಗೆ ಹಾಕಿದರು, ಅವಳಿಗೂ ಕೂಡಲಿಲ್ಲ. ಊರಿನ ಹೆಂಗಸರೆಲ್ಲ ಬಂದು ಹಾಕಿ ನೋಡಿದರು. ಒಬ್ಬರಿಗೂ ಆಗಲಿಲ್ಲ. ದಾರವಾದರೆ ಉದ್ದ ಮಾಡಬಹುದಿತ್ತು, ಬೆಳ್ಳಿ ಇದ್ದಷ್ಟೇ ಇರುತ್ತದೆ. ಅವರಿಗೆ ಹೆದರಿಕೆಯಾಯಿತು. ಇಷ್ಟು ಸಣ್ಣ ಕೊರಳಿನವರು ಯಾವಾಗ ಈ ನೆಲದ ಮೇಲೆ ಓಡಾಡಿದ್ದರು? ಇದು ಮನುಷ್ಯರದ್ದಲ್ಲ ಎಂದು ಹೇಳಿ ಹೆಂಗಸರು ಸೆರಗು ಹೊದ್ದು ಹೊರಟುಹೋದರು.

ರೈತ ಬಳೆಯನ್ನು ಗೋಡೆಯ ಗೂಟಕ್ಕೆ ನೇತುಹಾಕಿದ. ಅಂದಿನಿಂದ ಅವನ ಮೂಕ ಮಗ ಅದರ ಎದುರಿಗೇ ಕೂರತೊಡಗಿದ. ಬಳೆಯನ್ನಲ್ಲ, ಬಳೆಯ ಮೇಲಿನ ಬರಿಗೋಡೆಯನ್ನು, ಮುಖ ಇರಬೇಕಾದ ಜಾಗವನ್ನು ಅವನು ನೋಡುತ್ತಿದ್ದ. ಕೆಲವೊಮ್ಮೆ ಯಾರಿಗೋ ಉತ್ತರ ಕೊಡುವವನಂತೆ ತಲೆ ಆಡಿಸುತ್ತಿದ್ದ. ರೈತನಿಗೆ ಆ ಕಡೆ ಬೆನ್ನು ಹಾಕಿ ಉಣ್ಣಲು ಆಗುತ್ತಿರಲಿಲ್ಲ.

ಆ ಊರಿಗೆ ಉಪ್ಪು ಕೊಡುವ ವ್ಯಾಪಾರಿಯೊಬ್ಬನಿದ್ದ. ಅವನು ಮೂಟೆಗಳನ್ನು ಬೆಟ್ಟದ ಬುಡದ ಕಟ್ಟೆಯಲ್ಲಿ ಇಳಿಸಿ ಹೋಗುವುದು ವಾಡಿಕೆ. ಆ ಸಲ ಮಳೆ ಬರುವ ಹಾಗಿತ್ತು, ಉಪ್ಪು ಕರಗೀತೆಂದು ಗಾಡಿ ಹೊಡೆದುಕೊಂಡು ಊರಿಗೇ ಬಂದ. ರೈತನ ಜಗಲಿಯಲ್ಲಿ ಕೂತು, ಹೆಗಲ ವಸ್ತ್ರ ತೆಗೆದು ಬೆವರು ಒರೆಸಿಕೊಂಡ. ಒಳಗೆ ನೇತಾಡುತ್ತಿದ್ದ ಬಳೆ ಕಂಡು, ತಮಾಷೆಗೆಂದು ತೆಗೆದು ಕೊರಳಿಗೆ ಹಾಕಿಕೊಂಡ. ಕೊಂಡಿ ಟಕ್ಕೆಂದು ಕೂಡಿತು.

ಬಾಗಿಲಲ್ಲಿದ್ದವರೆಲ್ಲ ಹಿಂದೆ ಸರಿದರು. ಮೂಕ ಮಗ ಮಾತ್ರ ಎದ್ದು ಹೋಗಿ, ವ್ಯಾಪಾರಿಯ ಕೊರಳ ಮೇಲೆ ಒಂದು ಬೆರಳಿಟ್ಟು ನಿಂತ. ಅವನು ತಾನಾಗಿ ಎದ್ದು ಒಬ್ಬರ ಹತ್ತಿರ ಹೋದದ್ದು ಅದೇ ಮೊದಲು.

ವ್ಯಾಪಾರಿಯ ನಗು ನಿಂತಿತು. ಅವನು ಬಳೆ ಬಿಚ್ಚಿ ಗೂಟಕ್ಕೆ ತಿರುಗಿ ಹಾಕಿ, ಸುತ್ತಲಿನ ಕೊರಳುಗಳನ್ನು ನೋಡಿದ. ಅಂಗಳದ ಆಚೆ ರೈತನ ಹೆಂಡತಿ ಬುಟ್ಟಿಯಲ್ಲಿ ಕಲ್ಲುಪ್ಪು ಹಾಕಿ ನೀರು ಹುಯ್ಯುತ್ತಿದ್ದದ್ದನ್ನೂ ನೋಡಿದ.

"ಇದೇನವ್ವಾ, ಉಪ್ಪು ತೊಳೀತಿದ್ದೀಯಾ?"

"ಎಷ್ಟು ಜನರ ಕೈ ದಾಟಿ ಬಂದದ್ದೋ ಏನೋ," ಎಂದ ರೈತ. "ಮೂರು ನೀರು ತೊಳೀದೆ ನಾವು ಒಲೆ ಹತ್ರ ತರೋದಿಲ್ಲ. ನಮ್ಮ ಹಿರೀಕರಿಂದ ಹಾಗೇ."

"ಅಣ್ಣಾ, ಆ ಉಪ್ಪಿನ ಮೈಗೇ ಔಷಧ ಹತ್ತಿಸಿ ಕಳಿಸ್ತಾರೆ. ಅಯೋಡಿನ್ ಅಂತಾರೆ ಅದಕ್ಕೆ. ಕಣ್ಣಿಗೆ ಕಾಣಲ್ಲ, ನಾಲಿಗೆಗೆ ತಿಳಿಯಲ್ಲ. ಕೊರಳಿಗೆ ಬೇಕಾದ್ದು ಅದೇ. ಹೊಟ್ಟೇಲಿರೋ ಕೂಸಿಗಂತೂ ಅದು ಬೇಕೇ ಬೇಕು, ಇಲ್ಲದಿದ್ರೆ ಮಾತೂ ಬರಲ್ಲ. ನೀವು ಅದನ್ನೇ ತೊಳೆದು ಚೆಲ್ಲುತಿದ್ದೀರಿ."

"ಅದು ಸಾಲ್ತಾ ಇಲ್ಲ ಅಂತ ಹೇಗೆ ಗೊತ್ತಾಗೋದು?" ಎಂದ ರೈತ. " ನಾವೆಲ್ಲ ಚೆನ್ನಾಗೇ ಇದ್ದೀವಲ್ಲ."

"ಕೊರಳು ಹೇಳುತ್ತೆ, ಆದರೆ ತಡವಾಗಿ ಹೇಳುತ್ತೆ. ಕೆಳಗೆ ಆಸ್ಪತ್ರೇಲಿ ಮೂತ್ರ ನೋಡಿ, ರಕ್ತ ನೋಡಿ ಹೇಳ್ತಾರೆ. ಹೆಂಡ್ತೀನ ಕರಕೊಂಡು ಬಾ. ಬೆಳಿಗ್ಗೆ ಗಾಡಿ ಖಾಲಿ ಇಳಿಯುತ್ತೆ."

ರೈತನ ಹೆಂಡತಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಒಂದು ಸೀರೆ, ಮಗನ ಒಂದು ಅಂಗಿ ಗಂಟು ಕಟ್ಟಿಕೊಂಡು ಬಂದು ಬಾಗಿಲಲ್ಲಿ ಕೂತಳು. ರೈತನಿಗೂ ಹೋಗಬೇಕೆಂದೇ ಇತ್ತು. ಆದರೆ ಕೇಳದೆ ಹೋಗುವ ಪದ್ಧತಿ ಆ ಊರಿನಲ್ಲಿರಲಿಲ್ಲ. ಅವನು ಗುಡಿಗೆ ಹೋಗಿ ಹಿರಿಯನನ್ನು ಕರೆತಂದ.

ಹಿರಿಯ ಏನೂ ವಾದ ಮಾಡಲಿಲ್ಲ. ದಾರ ತೆಗೆದು ವ್ಯಾಪಾರಿಯ ಕೊರಳಿಗೆ ಸುತ್ತಿ, ತುದಿಗಳನ್ನು ಕೂಡಿಸಿ ಬಿಟ್ಟ. ದಾರ ಜೋತು ಎದೆಯ ಮೇಲೆ ಬಿತ್ತು.

"ನೋಡಪ್ಪಾ," ಎಂದ ಹಿರಿಯ. "ಇವನ ಮೈಯಲ್ಲಿ ಏನೂ ಉಳಿದಿಲ್ಲ. ಕೊರಳು ಒಣಗಿ ಕಡ್ಡಿಯಾಗಿದೆ, ಪಾಪ, ಅವನಿಗೇ ಗೊತ್ತಿಲ್ಲ. ಇಂಥೋನ ಮಾತು ಕೇಳಿ ಬಸುರಿ ಹೆಂಗಸನ್ನ ಗಾಡಿ ಹತ್ತಿಸ್ತೀಯಾ?"

ಊರವರು ವ್ಯಾಪಾರಿಯನ್ನು ಕನಿಕರದಿಂದ ನೋಡಿದರು. ಒಬ್ಬ ಮುದುಕಿ ಅವನಿಗೆ ತನ್ನ ಕಂಬಳಿ ಹೊದಿಸಿದಳು. ರೈತ ಮುಂದೆ ಬಂದು ತನ್ನ ಕೊರಳನ್ನೂ ಒಡ್ಡಿದ. ತುದಿಗಳು ಕೂಡಿದವು. ಅವನ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಆ ಹಾಳು ಸಮಾಧಾನವೇ ಅವನ ಮನೆ ಮುಳುಗಿಸಿತು.

ಬೆಳಿಗ್ಗೆ ಗಾಡಿ ಖಾಲಿ ಇಳಿಯಿತು. ಎತ್ತಿನ ಗೆಜ್ಜೆಯ ಸದ್ದು ಕೇಳುತ್ತಿದ್ದಷ್ಟು ಹೊತ್ತೂ ರೈತನ ಹೆಂಡತಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಎದ್ದು, ಉಳಿದ ಉಪ್ಪು ತೊಳೆದಳು.

ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ಅಳುವಿಗಾಗಿ ಕಾದಳು. ಮಗು ಕಣ್ಣು ಬಿಟ್ಟಿತು, ಅಳಲಿಲ್ಲ. ಮಾರನೆಯ ದಿನವೂ ಅಳಲಿಲ್ಲ. ತಾಯಿಗೆ ಕಾಟವೇ ಕೊಡದ ಕೂಸು ಎಂದು ನೋಡಲು ಬಂದ ಹೆಂಗಸರು ಹೊಗಳಿ ಹೋದರು. ಎಲ್ಲರೂ ಹೋದ ಮೇಲೆ ರೈತ ತೊಟ್ಟಿಲ ಬಳಿ ಕೂತು ಚಪ್ಪಾಳೆ ತಟ್ಟಿದ. ಹಿತ್ತಾಳೆ ತಟ್ಟೆ ತಂದು ಬಡಿದ. ಮಗು ಆ ಕಡೆ ತಿರುಗಲಿಲ್ಲ. ಅದರ ಕಣ್ಣು ಗೋಡೆಯ ಮೇಲಿತ್ತು. ಅಣ್ಣ ನೋಡುತ್ತಿದ್ದ ಜಾಗವನ್ನೇ ಅದೂ ನೋಡುತ್ತಿತ್ತು.

 ರೈತ ಎದ್ದು ಗುಡಿಗೆ ಓಡಿದ. ಏನೋ ತಪ್ಪಾಗಿದೆ, ಇನ್ನೊಮ್ಮೆ ಅಳೆದು ನೋಡಿ ಎಂದು ಕೈಮುಗಿದ. ಹಿರಿಯ ದಾರ ತಂದು ಅವನ ಕೊರಳಿಗೆ ಹಿಡಿದ.

ತುದಿಗಳು ಕೂಡಿದವು.

ಕತೆ ಮುಗಿಸಿ ಗುರುಗಳು ಮತ್ತೆ ಗಿಡದ ಬುಡಕ್ಕೆ ಕೈ ಹಾಕಿದರು. ಶಿಷ್ಯನಿಗೆ ಸಂಕಟವೂ ಆಯಿತು, ರೈತನ ಮೇಲೆ ಸಿಟ್ಟೂ ಬಂತು.

"ಬೆಳ್ಳಿಯ ಬಳೆ ಕಣ್ಣೆದುರಿಗೇ ನೇತಾಡುತ್ತಿತ್ತಲ್ಲ ಗುರುಗಳೇ. ಆ ದಾರವನ್ನು ಅವನು ಒಮ್ಮೆಯಾದರೂ ಸಂಶಯಿಸಬಾರದಿತ್ತೇ?"

"ನೀನು ಪ್ರತಿ ಸಂಜೆ ಹಿಡಿದು ನೋಡಿಕೊಳ್ಳುವ ದಾರಕ್ಕೆ ಯಾರ ಕೊರಳು ಅಳತೆ?" ಎಂದರು ಗುರುಗಳು.

ಶಿಷ್ಯನ ಕೈ ತಾನಾಗಿ ತನ್ನ ಕೊರಳಿಗೆ ಹೋಯಿತು.