ಗಾದಿಯ ಮೇಲಿನ ಲ್ಯಾಪ್‌ಟಾಪು

ಹೊಳೆಯ ದಂಡೆಯಲ್ಲೊಂದು ಮಠ. ಮಠದಲ್ಲಿ ಕಲ್ಲಪ್ಪಜ್ಜ ಎಂಬ ಗುರು, ಈರಭದ್ರ ಎಂಬ ಶಿಷ್ಯ.

ಅಜ್ಜನ ಗಂಟಲಲ್ಲಿ ನೂರಾರು ತತ್ವಪದಗಳಿದ್ದವು. ಎಲ್ಲಿಯೂ ಬರೆದಿಟ್ಟವಲ್ಲ. ಅಜ್ಜನ ಗುರು ಹಾಡಿದ್ದು, ಆ ಗುರುವಿನ ಗುರು ಹಾಡಿದ್ದು. ಪೇಟೆಯ ಭಕ್ತರೊಬ್ಬರು ಮಠಕ್ಕೊಂದು ಹಳೆಯ ಲ್ಯಾಪ್‌ಟಾಪು ಕೊಟ್ಟಿದ್ದರು. ಈರಭದ್ರ ಆರು ತಿಂಗಳಿಂದ ಅದನ್ನು ಅಜ್ಜನ ಮುಂದಿಟ್ಟು, ದಿನಕ್ಕೊಂದೆರಡು ಪದ ಅದರಲ್ಲಿ ಹಿಡಿದಿಡುತ್ತಿದ್ದ. ಫೋನಿನಲ್ಲಿ ಹಿಡಿಯಬಹುದಿತ್ತಲ್ಲ ಎನ್ನಬೇಡಿ. ಅವನ ಫೋನು ಗುಂಡಿ ಒತ್ತುವ ಕಾಲದ್ದು, ಅದರಲ್ಲಿ ಮಾತು ಕೇಳಿಸಿದರೇ ಪುಣ್ಯ.

ಹುಣ್ಣಿಮೆಯ ದಿನ ಅಜ್ಜ ಇದ್ದಕ್ಕಿದ್ದಂತೆ ಹೇಳಿದ. "ಬರೂ ಅಮಾಸಿಗೆ ಮೌನ ಹಿಡಿತೀನಿ. ಆಮ್ಯಾಲೆ ಈ ಬಾಯಿ ತೆರೆಯೂದಿಲ್ಲ."

ಈರಭದ್ರ ಬೆರಳು ಮಡಿಚಿ ಎಣಿಸಿದ. ಇನ್ನೂ ನಲವತ್ತು ಪದ ಉಳಿದಿದ್ದವು.

ಲ್ಯಾಪ್‌ಟಾಪು ಕೈಕೊಡಲು ಆ ಹೊತ್ತನ್ನೇ ಕಾದಿತ್ತೋ ಏನೋ. ಹಾಡು ಶುರುವಾದರೆ ಸಾಕು, ಒಳಗಿನ ಫ್ಯಾನು ಗೊರಗೊರ ಎನ್ನುವುದು. ತಳ ರೊಟ್ಟಿಯ ಹಂಚಿನಂತೆ ಸುಡುವುದು. ಅಜ್ಜ ಎರಡನೇ ನುಡಿಗೆ ಬರುವಷ್ಟರಲ್ಲಿ ಪರದೆ ಕಪ್ಪಾಗುವುದು.

"ನಿಲ್ಲಸ್ರಿ ಅಜ್ಜಾರ, ನಿಲ್ಲಸ್ರಿ!"

ಅಜ್ಜ ನಿಲ್ಲಿಸುತ್ತಿರಲಿಲ್ಲ. ಹೊಳೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಪದ ಮುಗಿಸಿಯೇ ಬಿಡುತ್ತಿದ್ದ. ನೀರಿನ ಮೇಲೆ ಮಂಜು ಮೆಲ್ಲಗೆ ಸರಿಯುತ್ತಿತ್ತು. ಹಾಡು ಎಲ್ಲಿ ಮುಗಿಯಿತು, ಹೊಳೆಯ ಸದ್ದು ಎಲ್ಲಿ ಶುರುವಾಯಿತು ಎಂದು ತಿಳಿಯದಂಥ ಹೊತ್ತು ಅದು. ಈರಭದ್ರನಿಗೆ ಅದಾವುದೂ ಕಾಣುತ್ತಿರಲಿಲ್ಲ. ಅವನು ಲ್ಯಾಪ್‌ಟಾಪಿಗೆ ಬೀಸಣಿಗೆ ಬೀಸುತ್ತಿದ್ದ.

ಮಾಡದ ಉಪಾಯವಿಲ್ಲ. ಬೇವಿನ ನೆರಳಿಗೆ ಒಯ್ದ. ಪೇಟೆಯ ರಿಪೇರಿಯವನನ್ನು ಫೋನಿನಲ್ಲೇ ಕಾಡಿದ. "ಬೇಡಾದ್ದು ಅಳಸ್ರಿ" ಎಂದ ಅವನು. ಪದಗಳನ್ನು ಬಿಟ್ಟು ಉಳಿದುದೆಲ್ಲ ಅಳಿಸಿದ. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಪೂಜೆ ಹೆಚ್ಚಿಸಿದ.

ಹೌದು, ಪೂಜೆ. ಅಜ್ಜನ ದನಿ ಒಳಗಿದೆ ಎಂದ ಮೇಲೆ ಬರಿ ನೆಲದ ಮೇಲಿಡಲು ಮನಸ್ಸು ಬಂದೀತೆ? ಮಠದಲ್ಲಿ ಹೊತ್ತಿಗೆಗಳಿಗೆ ಹೇಗೋ ಹಾಗೆಯೇ ಇದಕ್ಕೂ. ಹತ್ತಿಯ ಗಾದಿ, ಗಾದಿಯ ಮೇಲೆ ರೇಷ್ಮೆ ವಸ್ತ್ರ, ಅದರ ಮೇಲೆ ಲ್ಯಾಪ್‌ಟಾಪು. ಬೆಳಿಗ್ಗೆ ಸಂಜೆ ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಊದಬತ್ತಿ ಬೆಳಗುತ್ತಿದ್ದ. ಅದು ಬಿಸಿಯಾಗತೊಡಗಿದ ಮೇಲೆ ಒಂದು ಹಿಡಿ ವಿಭೂತಿ ಜಾಸ್ತಿಯೇ ಬಿತ್ತು.

ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು. ಅಂದು ಬೆಳಿಗ್ಗೆ ಪರದೆ ಮೊದಲ ನುಡಿಗೇ ಕಪ್ಪಾಯಿತು. ಈರಭದ್ರ ತಲೆಯ ಮೇಲೆ ಕೈ ಹೊತ್ತು ಕುಳಿತ. ಅವನಿಗೆ ಅಳು ಬಂದಿತ್ತು.

"ಇದಕ್ಕ ಏನಾಗೇತ್ರಿ ಅಜ್ಜಾರ?"

ಅಜ್ಜ ಗದ್ದುಗೆಯಿಂದ ಇಳಿದು ಬಂದ. ಭಕ್ತರು ಹೊದಿಸಿದ ಮೂರು ಶಾಲುಗಳು ಅವನ ಮೈಮೇಲಿದ್ದವು. ಒಂದೊಂದಾಗಿ ತೆಗೆದು ಮೂರನ್ನೂ ಈರಭದ್ರನಿಗೆ ಹೊದಿಸಿದ. ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು, ಅದರ ಗಾದಿಯನ್ನು ಬಿಸಿಲಿಗೆ ಎಳೆದು ಅವನನ್ನು ಕೂರಿಸಿದ.

"ಹಾಡು."

ಈರಭದ್ರ ಹಾಡಿದ. ಬೆವರು ಕಿತ್ತುಕೊಂಡು ಬಂತು.

"ಅಜ್ಜಾರ, ಉಬ್ಬಸ ಆಗಾಕತ್ತೈತ್ರಿ."

"ಹೌದಾ? ತಡಿ, ಪೂಜಿ ಮಾಡ್ತೀನಿ."

ಅಜ್ಜ ಒಂದು ಚಿಟಿಕೆ ವಿಭೂತಿ ತೆಗೆದು ನೇರ ಅವನ ಮೂಗಿಗೇ ಹಿಡಿದ. ಈರಭದ್ರ ಏಳೆಂಟು ಸಲ ಸೀನಿದ. ಬೇವಿನ ಮರದ ಗಿಳಿಗಳು ಹಾರಿಹೋದವು.

ಸೀನು ನಿಂತಾಗ ಅವನ ಕಣ್ಣು ಲ್ಯಾಪ್‌ಟಾಪಿನ ಮೇಲೆ ಬಿತ್ತು. ಎದ್ದು ಹೋಗಿ ಅದನ್ನು ಮಗುಚಿ ನೋಡಿದ. ತಳದಲ್ಲಿ ಸಣ್ಣ ಸಣ್ಣ ಕಿಂಡಿಗಳು. ಎಲ್ಲವೂ ಬೆಳ್ಳಗೆ ಮೆತ್ತಿದ್ದವು.

ಅಜ್ಜ ಹಾರ್ಮೋನಿಯಂ ಬಿಚ್ಚುವ ಪುಟ್ಟ ಸ್ಕ್ರೂಡ್ರೈವರು, ಅದರ ಧೂಳು ಜಾಡಿಸುವ ಕುಂಚ ಎರಡನ್ನೂ ತಂದುಕೊಟ್ಟ. ಮುಚ್ಚಳ ತೆಗೆದರೆ ಒಳಗೆ ಆರು ತಿಂಗಳ ಭಕ್ತಿ. ವಿಭೂತಿ, ಊದಬತ್ತಿಯ ಬೂದಿ, ಹತ್ತಿಯ ನೂಲು, ಒಣಗಿದ ಹೂವಿನ ಎಸಳು ಎಲ್ಲ ಸೇರಿ ಫ್ಯಾನಿಗೆ ಗಟ್ಟಿಯಾಗಿ ಅಂಟಿದ್ದವು.

ಈರಭದ್ರ ನಾಚಿ ನೀರಾದ. ಕುಂಚದಿಂದ ಒಂದೊಂದೇ ರೆಕ್ಕೆ ಜಾಡಿಸಿದ. ಬೂದಿ ಬಿಸಿಲಿನಲ್ಲಿ ತೇಲಿ ಹೊಳೆಯ ಕಡೆ ಹೋಯಿತು. ಮುಚ್ಚಳ ಹಾಕಿ, ಬರಿ ಕಲ್ಲಿನ ಮೆಟ್ಟಿಲ ಮೇಲಿಟ್ಟು ಗುಂಡಿ ಒತ್ತಿದ. ಫ್ಯಾನು ತಿರುಗುವುದು ಕಿವಿಗೇ ಬೀಳಲಿಲ್ಲ. ಕಾಲು ಗಂಟೆಯಾದರೂ ತಳ ತಣ್ಣಗಿತ್ತು.

ಅವನಿಗೆ ಜೀವ ಬಂದಂತಾಯಿತು. ಓಡಿ ಹೋಗಿ ಮೂರೂ ಶಾಲುಗಳನ್ನು ಮತ್ತೆ ಅಜ್ಜನ ಹೆಗಲಿಗೆ ಹಾಕತೊಡಗಿದ.

ಅಜ್ಜ ಅವನ ಕೈ ಹಿಡಿದ.

"ಅದರ ಕಿಂಡಿ ತೆರೆದು, ಈಗ ನನ್ನ ಮುಚ್ಚಾಕ ಬಂದಿಯೇನು?"

ಈರಭದ್ರ ಶಾಲುಗಳನ್ನು ಮಡಿಚಿ ಕೆಳಗಿಟ್ಟ. ಆಮೇಲೆ ಕೇಳಿದ.

"ಅಜ್ಜಾರ, ಮೌನ ಯಾಕ ಹಿಡಿತೀರಿ?"

"ನಾ ಹಾಡ್ತೀನಿ. ಹೂ ಏರಸ್ತಾರ, ವಿಭೂತಿ ಹಚ್ತಾರ, ಕಾಲು ಮುಟ್ಟಿ ಹೋಗ್ತಾರ. ಹಾಡಿನೊಳಗ ಏನೈತಿ ಅಂತ ಒಬ್ಬರರ ಕೇಳ್ಯಾರೇನು? ನನ್ನ ಕೂಡ ಹನ್ನೆರಡು ವರ್ಷ ಅದಿ. ನೀ ಎಷ್ಟು ಸಲ ಕೇಳಿದಿ?"

ಈರಭದ್ರ ನೆನಪು ಮಾಡಿಕೊಂಡ. ಒಂದು ಸಲವೂ ಇಲ್ಲ. ಪದಗಳು ಕಳೆದುಹೋಗುತ್ತವೆ ಎಂದು ಹೆದರಿದ್ದವನು ಅವುಗಳನ್ನು ಇನ್ನೂ ಪಡೆದೇ ಇರಲಿಲ್ಲ.

ಅಜ್ಜ ಮೆಟ್ಟಿಲ ಮೇಲೆ ಕಾಲು ನೀರಿಗೆ ಬಿಟ್ಟು ಕುಳಿತು ಹಾಡಲು ಶುರು ಮಾಡಿದ.

"ತುಂಬಿದ ಕೊಡದಾಗ ನೀರೈತಿ, ತಂಗೀ, ಬರಿಗೊಡದಾಗ ಹೊಳಿ ಐತಿ..."

ಲ್ಯಾಪ್‌ಟಾಪು ತಣ್ಣಗೆ ಓಡುತ್ತಿತ್ತು. ಈರಭದ್ರ ಅದರ ಕಡೆ ನೋಡಲಿಲ್ಲ. ಪಕ್ಕದಲ್ಲಿ ತಾನೂ ನೀರಿಗೆ ಕಾಲು ಬಿಟ್ಟು ಕುಳಿತ. ಈ ಹಾಡನ್ನು ಇಷ್ಟು ಸಲ ಕೇಳಿದ್ದರೂ ಇದೇ ಮೊದಲು ಕೇಳುತ್ತಿರುವಂತೆ ಅನ್ನಿಸಿತು. ಕೊಡ, ಹೊಳೆ, ಅಜ್ಜನ ದನಿ ಎಲ್ಲ ಒಂದರೊಳಗೊಂದು ಕರಗುತ್ತಿದ್ದವು.

ಹಾಡು ಮುಗಿಯಿತು.

"ಅಜ್ಜಾರ," ಎಂದ ಈರಭದ್ರ ಅಳುಕುತ್ತ, "ಕೊಡ ಬರಿದೈತಿ ಅಂದಮ್ಯಾಲೆ ಹೊಳಿ ಎಲ್ಲಿಂದ ಬಂತ್ರಿ?"

ಅಜ್ಜ ತಿರುಗಿ ಅವನ ಮುಖವನ್ನೇ ನೋಡಿದ. ನೋಡುತ್ತ ನೋಡುತ್ತ ಅಜ್ಜನ ಕಣ್ಣು ತುಂಬಿ ಬಂತು. ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದ.

"ಅದನ್ನ ಬಂದ್ ಮಾಡು, ಈರ್ಯಾ. ಇದು ಅಮಾಸಿಯೊಳಗ ಮುಗಿಯೂ ಮಾತಲ್ಲ."