ಕಾಯಿ ಒಡೆಯುವ ಮೊದಲು

ಯುದ್ಧಕಾಲ. ಶತ್ರು ಮುಳುಗಿಸಿದ ಸರಕಿನ ಹಡಗಿಗೆ ಪರಿಹಾರ ಕೊಡಲು ಸರಕಾರವೇ ವಿಮೆ ಮಾಡುತ್ತಿತ್ತು. ಗಂಗೊಳ್ಳಿಯ ತಿಮ್ಮಪ್ಪ ಖಾರ್ವಿಯೂ ತನ್ನ ಹಡಗಿಗೆ ಮಾಡಿಸಿದ್ದ. ಹೆಂಚು ಹೇರಿಕೊಂಡು ಹೊರಟ ಹಡಗು ಶತ್ರುವಿನ ಗುಂಡಿಗೆ ಮುಳುಗಿತು. ಅವನೂ ಆಳುಗಳೂ ಹೇಗೋ ಬದುಕಿಬಂದರು. ಆದರೆ ವಿಮೆಯ ಅಧಿಕಾರಿ ಶ್ರೀಪಾದರಾಯರದ್ದು ಹೋದಾಗಲೆಲ್ಲ ಒಂದೇ ರಾಗ: "ಬಂಡೆಗೆ ಬಡಿದಿರಬೇಕು. ನಮ್ಮ ಕಡಲಿಗೆ ಶತ್ರು ಬರುವುದುಂಟೇನೋ?"

ಅಲೆದಲೆದು ತಿಮ್ಮಪ್ಪನಿಗೆ ಸಾಕುಸಾಕಾಯಿತು. ಈ ಪೀಡೆ ಇವತ್ತಿಗೆ ಮುಗಿಯಲಿ ಎಂದು ತೆಂಗಿನಕಾಯಿ ಹಿಡಿದುಕೊಂಡೇ ಕಚೇರಿಗೆ ಹೋದ.

"ದೋಣಿ ತಯಾರುಂಟು ರಾಯರೇ. ಬನ್ನಿ, ಜಾಗ ತೋರಿಸುತ್ತೇನೆ. ಅಲ್ಲಿ ಬಂಡೆ ಕಂಡರೆ ಮತ್ತೆ ನಿಮ್ಮ ಬಾಗಿಲು ತುಳಿಯುವುದಿಲ್ಲ."

ನಾಲ್ಕು ಜನರೆದುರು ಒಲ್ಲೆನೆನ್ನಲಾಗದೆ ರಾಯರು ಬಿಗುಮಾನದಿಂದಲೇ ದೋಣಿ ಕಟ್ಟುವ ದಕ್ಕೆಗೆ ಬಂದರು. ತಿಮ್ಮಪ್ಪ ಕಡಲಿಗೆ ಕೈಮುಗಿದು ಕಾಯಿ ಎತ್ತಿದ. ಕಾಯಿ ಒಡೆದ ಮೇಲೆ ದೋಣಿ ಹತ್ತದೆ ಹಿಂದೆ ಸರಿಯುವಂತಿಲ್ಲ. ಅದು ಆ ದಕ್ಕೆಯ ಕಟ್ಟಳೆ, ರಾಯರಿಗೂ ಗೊತ್ತಿತ್ತು.

"ತಡಿಯೋ ಮಾರಾಯ!" ರಾಯರು ಓಡಿ ಬಂದು ಅವನ ಕೈ ಹಿಡಿದರು. "ಅಲ್ಲಿ ಶತ್ರುವಿನ ಹಡಗು ಇದ್ದರೆ ನನ್ನ ಗತಿ ಏನು?"

ತಿಮ್ಮಪ್ಪ ಕಾಯಿ ಕೆಳಗಿಳಿಸಿದ.

"ಅಷ್ಟನ್ನೇ ಬರೆದುಕೊಡಿ ರಾಯರೇ. ಈ ಕಾಯಿ ಮನೆಯಲ್ಲಿ ಚಟ್ನಿಗಾದರೂ ಆದೀತು."