ವರ್ತಕ ಕಟ್ಟಿದ ರುಮಾಲು

"ಗುರುಗಳೇ, ತಾನು ಆಳಲ್ಲವೆಂದು ತಾನೇ ಒಪ್ಪಿಕೊಂಡವನ ಹೊಣೆ ನಮ್ಮ ಮೇಲೆ ಬರುತ್ತದೆಯೇ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ಚನ್ನಮಲ್ಲ. ಮಠಕ್ಕೆ ದಿನವೂ ಸೌದೆ ಹೊರುತ್ತಿದ್ದ ಕರಿಬಸ ಕೊಂಬೆ ಕಡಿಯುವಾಗ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಬೆಳಿಗ್ಗೆ ಅವನ ಹೆಂಡತಿ ಕಾಳು ಕೇಳಿಕೊಂಡು ಉಗ್ರಾಣದ ಬಾಗಿಲಿಗೆ ಬಂದಿದ್ದಳು.

"ಅವನು ಮಠದ ಆಳಲ್ಲ, ಭಕ್ತ. ಊರ ಮುಂದೆ ಅವನೇ ಹಾಗೆ ಹೇಳಿಕೊಂಡಿದ್ದಾನೆ. ಅದನ್ನೇ ಆಕೆಗೆ ಹೇಳಿ ಕಳುಹಿಸಿದೆ" ಎಂದ ಚನ್ನಮಲ್ಲ.

"ಬಲು ಜಾಣನಪ್ಪಾ ನೀನು. ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಉಪ್ಪಿನ ವರ್ತಕನಿದ್ದ. ಅವನ ಉಪ್ಪನ್ನು ಗಾಡಿಯವರು ಘಟ್ಟ ದಾಟಿಸುತ್ತಿದ್ದರು. ಆಳು ಕೆಲಸದಲ್ಲಿ ಬಿದ್ದರೆ, ಅವನು ಏಳುವವರೆಗೂ ಧಣಿ ಅವನ ಮನೆಗೆ ಜೋಳ ಅಳೆಯಬೇಕು ಎಂಬುದು ಆ ಸೀಮೆಯ ಕಟ್ಟಳೆ. ವರ್ತಕನಿಗೆ ಇದು ಗಂಟಲ ಮುಳ್ಳಾಗಿತ್ತು. ಒಂದು ಹಬ್ಬದ ದಿನ ಗಾಡಿಯವರನ್ನೆಲ್ಲ ಕರೆದು, ತನ್ನ ಕೈಯಾರೆ ಒಬ್ಬೊಬ್ಬರ ತಲೆಗೂ ಕೆಂಪು ರುಮಾಲು ಕಟ್ಟಿದ. "ಇಂದಿನಿಂದ ನೀವು ಆಳುಗಳಲ್ಲ. ನನ್ನ ಸರೀಕರು. ನಿಮಗೆ ನೀವೇ ಧಣಿಗಳು" ಎಂದ.

ಗಾಡಿಯವರು ಹಿಗ್ಗಿ ಹೀರೇಕಾಯಿಯಾದರು. ಹೆಂಡಂದಿರು ಆರತಿ ಎತ್ತಿದರು. ಆಮೇಲೆ ಯಾರಾದರೂ ಆಳು ಎಂದರೆ ಜಗಳಕ್ಕೇ ಹೋಗುತ್ತಿದ್ದರು, ಪಾಪ. ಎಷ್ಟು ಹೇರಬೇಕು, ಯಾವ ದಾರಿ ಹಿಡಿಯಬೇಕು, ಯಾವಾಗ ಹೊರಡಬೇಕು ಎಂದು ಹೇಳುವವನು ಮಾತ್ರ ವರ್ತಕನೇ. ಬೇರೆಯವರ ಒಂದು ಮೂಟೆಯನ್ನೂ ಅವರು ಗಾಡಿಗೆ ಹಾಕುವಂತಿರಲಿಲ್ಲ.

ಮಳೆ ಬಿದ್ದು ದಾರಿ ಜಾರುತ್ತಿದ್ದ ದಿನವೂ ವರ್ತಕ ಗಾಡಿ ಹೊಡೆಸಿದ. ಇಳಿಜಾರಿನಲ್ಲಿ ಒಂದು ಗಾಡಿ ಮಗುಚಿತು. ಗಾಡಿಯವನ ಎರಡು ಕಾಲೂ ಚಕ್ರದಡಿ ಸಿಕ್ಕಿದವು. ಅವನ ಹೆಂಡತಿ ವರ್ತಕನ ಮನೆಗೆ ಹೋಗಿ ಸೆರಗೊಡ್ಡಿದಳು.

"ಅಯ್ಯಾ, ಜೋಳ ಅಳೆಸಿ. ಮಕ್ಕಳು ಹಸಿದಿವೆ."

"ಏನು ಮಾತಮ್ಮಾ ಇದು! ನಿನ್ನ ಗಂಡನೂ ಒಬ್ಬ ಧಣಿ. ಧಣಿಗೆ ಧಣಿ ಜೋಳ ಅಳೆಯುವುದುಂಟೇ? ಅವನ ಮಾನ ಏನಾಗಬೇಕು?"

ನೋಡು, ಅಟ್ಟ ಹತ್ತಿಸಿ ಏಣಿ ತೆಗೆಯುವುದು ಎಂದರೆ ಇದೇ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಕೆ ನ್ಯಾಯದ ಕಟ್ಟೆಗೆ ಹೋದಳು. ಹಿರಿಯರು ಇಂದು ನಾಳೆ ಎಂದು ಮುಂದೆ ಹಾಕಿದರು. ಅಷ್ಟರಲ್ಲಿ ಕಾಲಿನ ಗಾಯ ಕೊಳೆಯಿತು. ಕೊನೆಗೆ ಗಾಡಿಯವನನ್ನು ಮಂಚದ ಸಮೇತ ಕಟ್ಟೆಗೆ ಹೊತ್ತು ತಂದರು. "ನೀನು ಆಳೋ, ಧಣಿಯೋ?" ಎಂದು ಹಿರಿಯರು ಕೇಳಿದರು. ತಲೆಯ ಮೇಲೆ ರುಮಾಲು ಹಾಗೆಯೇ ಇತ್ತು. ಊರೆಲ್ಲ ನೋಡುತ್ತಿತ್ತು. ಅವನು "ಧಣಿ" ಎಂದ. ವರ್ತಕ ಎದ್ದು ಹೊರಟ.

ಆಗ ಗಾಡಿಯವನ ಹೆಂಡತಿ ಅಡ್ಡ ನಿಂತಳು. "ನನ್ನ ಕೂಸು ಜ್ವರದಲ್ಲಿ ಬೇಯುತ್ತಿದ್ದ ದಿನ ನನ್ನ ಗಂಡ ಗಾಡಿ ಕಟ್ಟಲಾರೆ ಎಂದ. ಈ ವರ್ತಕ ಮನೆಗೆ ಬಂದು, ಇವನ ತಲೆಯಿಂದ ರುಮಾಲು ಬಿಚ್ಚಿಕೊಂಡು ಹೋದ. ಕೂಸನ್ನು ಮಣ್ಣು ಮಾಡಿದ ಮರುದಿನ ಇವನು ಅವನ ಕಾಲು ಹಿಡಿದ. ಆಮೇಲೆ ವರ್ತಕ ಮತ್ತೆ ರುಮಾಲು ಕಟ್ಟಿ ಕೆಲಸ ಕೊಟ್ಟ. ಧಣಿಯ ತಲೆಗೆ ಇನ್ನೊಬ್ಬ ಕೈ ಹಾಕುವುದುಂಟೇ, ಹೇಳಿ."

ಹಿರಿಯರು ತಲೆ ತಗ್ಗಿಸಿದರು. "ಇನ್ನೊಬ್ಬ ಬಿಚ್ಚಬಲ್ಲ ರುಮಾಲು ಕಟ್ಟಿಕೊಂಡವನು ಆಳೇ. ಬಾಯಲ್ಲಿ ಏನೇ ಹೇಳಲಿ. ಜೋಳ ಅಳೆ" ಎಂದರು. ವರ್ತಕ ಅಳೆದ. ಆದರೆ ಜೋಳ ಮನೆಗೆ ಬರುವ ಹೊತ್ತಿಗೆ ಗಾಡಿಯವನ ಉಸಿರು ನಿಂತಿತ್ತು. ಆ ಜೋಳ ಅವನ ತಿಥಿಗೆ ಒದಗಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ಉಗ್ರಾಣದ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ, "ತಡವಾದರೂ ನ್ಯಾಯ ಸಿಕ್ಕಿತಲ್ಲ, ಗುರುಗಳೇ" ಎಂದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ಮಠದ ಒಲೆಗೆ ಸೌದೆ ಹೊತ್ತವನ ಮನೆಯಲ್ಲಿ ಈ ಹೊತ್ತು ಒಲೆ ಉರಿಯಿತೇ, ನೋಡಿ ಬಂದೆಯಾ?"